ರಜೆಯಲ್ಲಿ ಒಂದು ಬೆಳಗ್ಗೆ ಧಕ್ಕೆಗೂ ಹೋಗಿ

ನಮ್ಮ ಮಕ್ಕಳಿಗೆ ಮಂಗಳೂರಿನ ಮಾಲ್ ಗೊತ್ತು, ಪಣಂಬೂರು ಬೀಚ್ ಗೊತ್ತು. ಧಕ್ಕೆ ಎಂದರೆ ಮಾತ್ರ 'ಅಲ್ಲಿ ಮೀನಿನ ವಾಸನೆ' ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಗಲ್ಫ್‌ನಿಂದ ರಜೆಗೆ ಬಂದ ಮಕ್ಕಳಂತೂ ಆ ಕಡೆ ತಲೆ ಹಾಕುವುದೇ ಇಲ್ಲ. ಆದರೆ ಬ್ಯಾರಿ ಎಂಬ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಪದದಿಂದ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಆ ಬ್ಯಾರ ಇವತ್ತಿಗೂ ಕಣ್ಣೆದುರೇ ನಡೆಯುವ ಜಾಗ ಬಂದರ್ ಮತ್ತು ಅದರ ಧಕ್ಕೆ.

ಫಲ್ಗುಣಿ ಎಂದು ಕರೆಯುವ ಗುರುಪುರ ಹೊಳೆಯ ದಡದಲ್ಲಿ ಧಕ್ಕೆ ಉಂಟು. ತುಸು ದಕ್ಷಿಣಕ್ಕೆ ಇದೇ ಹೊಳೆ ನೇತ್ರಾವತಿಯನ್ನು ಕೂಡಿ ಅಳಿವೆಬಾಗಿಲಲ್ಲಿ ಕಡಲು ಸೇರುತ್ತದೆ. ಎದುರು ದಡದಲ್ಲಿ ಕಾಣುವುದು ಬೆಂಗ್ರೆ. ಕಡಲಿಗೂ ಹೊಳೆಗೂ ನಡುವೆ ಚಾಚಿದ ಈ ಮರಳಿನ ನೆಲ ಅಲೆಯ ಹೊಡೆತ ತಡೆಯುವುದರಿಂದಲೇ ಇಲ್ಲಿ ಹಡಗು, ದೋಣಿ ನಿಲ್ಲಿಸಲು ಅನುಕೂಲವಾದದ್ದು.

14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ ಮಂಗಳೂರನ್ನು 'ಮಂಜರೂರ್' ಎಂದು ಕರೆದ. ಪರ್ಷಿಯಾ ಮತ್ತು ಯಮನ್‌ನ ವರ್ತಕರು ಇಲ್ಲಿ ಇಳಿಯುತ್ತಿದ್ದರು, ಕರಿಮೆಣಸು, ಶುಂಠಿ ಧಾರಾಳ ಸಿಗುತ್ತಿತ್ತು, ಸುಮಾರು 4,000 ಮುಸ್ಲಿಮರು ವಾಸವಿದ್ದರು ಎಂದು ಬರೆದಿದ್ದಾನೆ. ಇನ್ನೊಂದು ಮಾತನ್ನೂ ಅವನು ದಾಖಲಿಸಿದ್ದಾನೆ. ಊರವರಿಗೂ ಇವರಿಗೂ ಆಗಾಗ ಜಗಳವಾಗುತ್ತಿತ್ತಂತೆ. ಆದರೆ ಅರಸನಿಗೆ ವರ್ತಕರು ಬೇಕಿದ್ದುದರಿಂದ ಅವನೇ ಮುಂದೆ ನಿಂತು ರಾಜಿ ಮಾಡಿಸುತ್ತಿದ್ದನಂತೆ.

ಆ ಮಾತಿನ ಅರ್ಥ ತಿಳಿಯಬೇಕಾದರೆ ಬೆಳಗ್ಗೆ ಧಕ್ಕೆಯಲ್ಲಿ ಅರ್ಧ ಗಂಟೆ ನಿಲ್ಲಬೇಕು. ಟ್ರಾಲ್ ಬೋಟುಗಳು ಕೆಲವು ದಿನ ಕಡಲಲ್ಲೇ ಇದ್ದು ಬಂದಿರುತ್ತವೆ. ಬೂತಾಯಿ, ಬಂಗುಡೆ, ಅಂಜಲ್, ಮದಿಮಾಲ್, ಬೊಂಡಾಸ್, ಎಟ್ಟಿ ರಾಶಿ ಬೀಳುತ್ತವೆ. ಏಲಂ ಕೂಗು ಶುರುವಾಗುತ್ತದೆ. ಕಡಲಿಗೆ ಹೋದವರಲ್ಲಿ ಮೊಗವೀರರು ಇರುತ್ತಾರೆ, ಹೊರ ರಾಜ್ಯದಿಂದ ದುಡಿಯಲು ಬಂದವರೂ ಇರುತ್ತಾರೆ. ಏಲಂನಲ್ಲಿ ಬ್ಯಾರಿ ವ್ಯಾಪಾರಿ ಕೊಳ್ಳುತ್ತಾನೆ, ಬುಟ್ಟಿ ಹಿಡಿದು ಬಂದ ಮೊಗವೀರ ಹೆಂಗಸೂ ಅವನೊಂದಿಗೆ ಚರ್ಚೆ ಮಾಡಿ ಕೊಳ್ಳುತ್ತಾಳೆ. ಐಸ್ ಒಡೆಯುವವರು, ಹೊರುವವರು, ಕೇರಳಕ್ಕೆ ಹೋಗುವ ಲಾರಿಯ ಡ್ರೈವರ್ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾರೆ. ಎಲ್ಲ ದುಡ್ಡನ್ನೂ ಅಲ್ಲೇ ಎಣಿಸಿ ಕೊಡುವುದಲ್ಲ. ಲೆಕ್ಕ ಬರೆದಿಟ್ಟು ಮತ್ತೆ ಕೊಡುವುದೂ ಉಂಟು. ಆ ಲೆಕ್ಕ ನಿಂತಿರುವುದು ಮಾತಿನ ಮೇಲೆ. ಮೀನು ಒಂದು ದಿನ ಕೂಡ ಕಾಯುವ ಸರಕಲ್ಲ. ಒಬ್ಬ ಮುನಿಸಿಕೊಂಡರೆ ಎಲ್ಲರಿಗೂ ನಷ್ಟ. ಕರಾವಳಿಯಲ್ಲಿ ಯಾರ ಜೊತೆ ವ್ಯಾಪಾರ ಮಾಡಬೇಕು, ಯಾರ ಜೊತೆ ಬೇಡ ಎಂಬ ಮಾತು ಎದ್ದಾಗಲೆಲ್ಲ ಧಕ್ಕೆಯ ಈ ಲೆಕ್ಕ ನೆನಪಿಗೆ ಬರಬೇಕು.

ಬಂದರ್ ಮೊದಲಿನಂತಿಲ್ಲ. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಶುರುವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ನಮ್ಮ ಎಷ್ಟೋ ಮನೆಗಳ ಗಂಡಸರು ಗಲ್ಫ್‌ಗೆ ಹೋದರು. ಆದರೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಹೊತ್ತ ಮಂಜಿಗಳು ಈಗಲೂ ಹಳೆ ಬಂದರಿನಿಂದಲೇ ಹೊರಡುತ್ತವೆ. ಮೀನಿನ ಕೆಲಸವಂತೂ ನಿಂತಿಲ್ಲ. ಆದರೆ ಈ ಕೆಲಸದ ಹೆಸರುಗಳು, ಮೀನು ನೋಡಿ ರೇಟು ಹೇಳುವ ಕಣ್ಣು, ಹಿರಿಯರಿಂದ ಕಿರಿಯರಿಗೆ ದಾಟುವುದು ಕಡಿಮೆಯಾಗುತ್ತಿದೆ. ಪುಸ್ತಕದಲ್ಲಿ ಇದು ಸಿಗುವುದಿಲ್ಲ, ನೋಡಿಯೇ ಕಲಿಯಬೇಕು.

ಹೋಗುವುದಾದರೆ ಜೂನ್, ಜುಲೈ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲಿಗೆ ಇಳಿಯಲು ನಿಷೇಧವಿರುತ್ತದೆ. ಉಳಿದ ತಿಂಗಳಲ್ಲಿ ಸುಬಹಿ ನಮಾಝ್ ಮುಗಿಸಿ ಹೊರಡಿ. ಜಾರದ ಚಪ್ಪಲಿ ಹಾಕಿ, ಮಕ್ಕಳ ಕೈ ಬಿಡಬೇಡಿ. ಹೊರುವವರ ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕಿವಿರು ಕೆಂಪಗಿದೆಯೇ, ಕಣ್ಣು ತಿಳಿಯಾಗಿದೆಯೇ, ಒತ್ತಿದರೆ ಮಾಂಸ ಗಟ್ಟಿಯಿದೆಯೇ ಎಂದು ಮಕ್ಕಳೇ ನೋಡಿ ಆರಿಸಲಿ. ಅಲ್ಲಿಂದ ಝೀನತ್ ಬಕ್ಷ್ ಮಸೀದಿಗೂ ಹೋಗಿ, ಅದರ ಮರದ ಕೆತ್ತನೆಯ ಕಂಬಗಳನ್ನು ತೋರಿಸಿ. ಮಾಲಿಕ್ ದೀನಾರ್ ಕಾಲದಲ್ಲೇ ಕಟ್ಟಿದ್ದು ಎಂದು ಹಿರಿಯರು ನಂಬಿಕೊಂಡು ಬಂದ ಮಸೀದಿ ಅದು. ಸಮಯವಿದ್ದರೆ ದೋಣಿ ಹತ್ತಿ ಕಸಬಾ ಬೆಂಗ್ರೆಗೆ ದಾಟಿ. ಹೊಳೆಯ ನಡುವಿನಿಂದ ಹಿಂದಿರುಗಿ ನೋಡಿದರೆ ಬೋಟುಗಳ ಸಾಲು, ಗೋದಾಮುಗಳು, ಹಂಚಿನ ಮಾಡುಗಳು ಒಟ್ಟಿಗೆ ಕಾಣುತ್ತವೆ.

ಮಧ್ಯಾಹ್ನ ಉಮ್ಮ ಮಾಡಿದ ಮೀನಿನ ಗಸಿ ಬಡಿಸುವಾಗ, ಆ ಬಂಗುಡೆ ಎಷ್ಟು ಕೈ ದಾಟಿ ಬಟ್ಟಲಿಗೆ ಬಂತು, ಆ ಕೈಗಳು ಯಾರ ಯಾರದ್ದು ಎಂದು ಮಕ್ಕಳನ್ನೇ ಕೇಳಿ. ಅವರು ಲೆಕ್ಕ ಹೇಳಿಯಾರು.