ಮಗುವಿನ ಉಸಿರು ಎಣಿಸೋಣ

ನಮ್ಮ ತಾಂಡವಪುರದಲ್ಲಿ ಮಾಗಿ ಚಳಿ ಬಂತೆಂದರೆ ರಾತ್ರಿ ಮಕ್ಕಳು ಕೆಮ್ಮುತ್ತಾರೆ. ಕೆಲವರ ಎದೆಯಲ್ಲಿ ಸುಯ್ ಸುಯ್ ಸದ್ದು ಬರುತ್ತದೆ. ಉಸಿರಿನ ಕೊಳವೆ ಕಿರಿದಾದಾಗ ಹೀಗಾಗುತ್ತದೆ.

ಒಲೆ, ಬೀಡಿ, ಸೊಳ್ಳೆಬತ್ತಿ ಹೊಗೆಯಿಂದ ಇದು ಹೆಚ್ಚುತ್ತದೆ. ಮಗು ಮಲಗುವ ಕಡೆ ಹೊಗೆ ಬೇಡ. ಮಗುವನ್ನು ಎತ್ತಿ ಕೂರಿಸಿ. ಬೆಚ್ಚಗಿನ ನೀರು ಕುಡಿಸಿ. 6 ತಿಂಗಳೊಳಗಿನ ಕೂಸಿಗೆ ಎದೆಹಾಲೇ ಸಾಕು. ವರ್ಷ ತುಂಬುವ ತನಕ ಜೇನು ಬೇಡ. ಮನೆಯಲ್ಲಿ ಉಳಿದ ಕೆಮ್ಮಿನ ಔಷಧಿ ಕೊಡಬಾರದು.

ಆಮೇಲೆ ಉಸಿರು ಎಣಿಸಿ. ಮಗು ಅಳುತ್ತಿರಬಾರದು. ಹೊಟ್ಟೆ ಏರಿ ಇಳಿದರೆ ಒಂದು. ಗಡಿಯಾರ ನೋಡಿ 1 ನಿಮಿಷ ಎಣಿಸಿ. 2 ತಿಂಗಳು ತುಂಬಿದ, ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು ಬಂದರೆ ಅಪಾಯ. 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅಪಾಯ. 2 ತಿಂಗಳೊಳಗಿನ ಕೂಸಾದರೆ ಎಣಿಸುತ್ತಾ ಕೂರಬೇಡಿ.

ಪಕ್ಕೆ ಒಳಕ್ಕೆ ಸೆಳೆದರೂ, ತುಟಿ ನೀಲಿಯಾದರೂ, ಮಗು ಹಾಲು ಕುಡಿಯದಿದ್ದರೂ ಅಪಾಯವೇ. ಬೆಳಗಾಗಲಿ ಅಂತ ಕಾಯಬಾರದು. 108ಕ್ಕೆ ಫೋನ್ ಮಾಡಿ. ನಂಜನಗೂಡಿನ ಸರ್ಕಾರಿ ಆಸ್ಪತ್ರೆಗೆ ಕೂಡಲೇ ಹೊರಡಿ.

ಡಾಕ್ಟರು ಇನ್‌ಹೇಲರ್ ಕೊಟ್ಟರೆ ಹೆದರಬೇಡಿ. ಅದು ಚಟವಾಗುವುದಿಲ್ಲ.

ನಾವು 100ರವರೆಗೆ ಎಣಿಸಲು ಕಲಿತಿದ್ದೇವೆ. ಮಗು ಚೆನ್ನಾಗಿರುವಾಗಲೇ ಒಮ್ಮೆ ಎಣಿಸಿ ರೂಢಿ ಮಾಡಿಕೊಳ್ಳೋಣ.