ಅಟ್ಟದ ಮೇಲಿನ ಟೈಪ್‌ರೈಟರ್‌ಗೆ ಮರುಜನ್ಮ

ನಿಮ್ಮ ಮನೆಯ ಅಟ್ಟದ ಮೇಲೆ ಏನೇನಿದೆ, ಒಮ್ಮೆ ನೆನಪು ಮಾಡಿಕೊಳ್ಳಿ. ಹಳೆಯ ತೊಟ್ಟಿಲು, ಬಾಯಿ ಒಡೆದ ಭರಣಿ, ಹಿತ್ತಾಳೆ ಹಂಡೆ... ಇವುಗಳ ನಡುವೆ ತುಕ್ಕು ಹಿಡಿದ ಟೈಪ್‌ರೈಟರ್ ಏನಾದರೂ ಇದೆಯೇ? ಇದ್ದರೆ, ಗುಜರಿಯವನನ್ನು ಕೂಗುವ ಮೊದಲು ಇದಿಷ್ಟು ಓದಿ.

ತಿಪಟೂರಿನ ನಮ್ಮ ಮನೆಯಲ್ಲೂ ಒಂದಿತ್ತು. ಅದು ನಮ್ಮ ಅತ್ತೆಯವರದು. ಮಾವನವರು ತೀರಿಕೊಂಡಾಗ ಇಬ್ಬರು ಚಿಕ್ಕ ಮಕ್ಕಳು. ಅತ್ತೆಯ ಕೈಯಲ್ಲಿದ್ದದ್ದು ಟೈಪಿಂಗ್ ಪಾಸಾದ ಸರ್ಟಿಫಿಕೇಟು ಮಾತ್ರ. ಬಳೆ ಮಾರಿ ಹಳೆಯದೊಂದು ಗೋದ್ರೇಜ್ ಕನ್ನಡ ಯಂತ್ರ ಕೊಂಡರು. ಅರ್ಜಿ, ಕರಾರುಪತ್ರಗಳನ್ನು ಪುಟಕ್ಕಿಷ್ಟು ಎಂದು ಟೈಪು ಮಾಡಿಕೊಟ್ಟು ಮಕ್ಕಳನ್ನು ಓದಿಸಿದರು.

1987ರಲ್ಲಿ ನಾನು ಸೊಸೆಯಾಗಿ ಬಂದೆ. ಯಂತ್ರ ಕಿರ್ ಕಿರ್ ಎನ್ನುತ್ತಿತ್ತು. ಉಪಕಾರ ಮಾಡೋಣವೆಂದು ಒಂದು ಮಧ್ಯಾಹ್ನ ಕೊಬ್ಬರಿ ಎಣ್ಣೆ ಸುರಿದೇಬಿಟ್ಟೆ! ನಮ್ಮೂರಿನಲ್ಲಿ ಎಲ್ಲಕ್ಕೂ ಅದೇ ಮದ್ದಲ್ಲವೇ? ನಾಲ್ಕು ದಿನ ಚೆನ್ನಾಗಿ ಓಡಿತು. ಚಳಿ ಬಂತು ನೋಡಿ, ಎಣ್ಣೆ ಹೆಪ್ಪುಗಟ್ಟಿತು. ಬರಬರುತ್ತಾ ಧೂಳು ಸೇರಿ ಅಂಟಾಯಿತು. ಮೇಲೆದ್ದ ಅಕ್ಷರ ಕೆಳಗಿಳಿಯದು. ಅತ್ತೆ ಬೈಯಲಿಲ್ಲ. "ಅದಕ್ಕೂ ವಯಸ್ಸಾಯ್ತು ಬಿಡು" ಎಂದು ಅಟ್ಟಕ್ಕೆ ಹಾಕಿಸಿದರು. ತಪ್ಪು ನನ್ನದೆಂದು ಹೇಳುವ ಧೈರ್ಯ ನನಗೆ ಬರಲೇ ಇಲ್ಲ.

ಹೋದ ವರ್ಷ ಗುಜರಿಯವನು ತೂಕಕ್ಕೆ ಕೇಳಿದ. ನಮ್ಮನೆಯವರು "ಕೊಟ್ಟುಬಿಡೋಣ" ಎಂದರು. ಅತ್ತೆ ಏನೂ ಹೇಳದೆ ಎದ್ದು ಒಳಗೆ ಹೋದರು. ಅಷ್ಟು ಸಾಕಾಯಿತು ನನಗೆ, ಯಂತ್ರ ಕೆಳಗಿಳಿಸಿದೆ.

ಗೋದ್ರೇಜ್‌ನವರು ಟೈಪ್‌ರೈಟರ್ ತಯಾರಿಸಲು ತೊಡಗಿದ್ದು 1955ರಲ್ಲಿ. 2011ರ ಹೊತ್ತಿಗೆ ತಯಾರಿಕೆ ನಿಂತೇಹೋಗಿತ್ತು. ಕನ್ನಡದ ಅಷ್ಟೊಂದು ಅಕ್ಷರ, ಕಾಗುಣಿತ, ಒತ್ತುಗಳನ್ನು ಒಂದು ಕೀಲಿಮಣೆಗೆ ಹೊಂದಿಸಿಕೊಟ್ಟವರು ಕೆ. ಅನಂತಸುಬ್ಬರಾವ್. ಇಂಥ ಯಂತ್ರವನ್ನು ಕಬ್ಬಿಣದ ಬೆಲೆಗೆ ಕೊಡುವುದೇ?

ಇನ್ನು ಕೆಲಸಕ್ಕೆ ಬರೋಣ.

ಮೊದಲು ಧೂಳು: ಯಂತ್ರವನ್ನು ತಳದಲ್ಲಿ ಹಿಡಿದು ಎತ್ತಿ, ಮೇಲಿನ ಕ್ಯಾರೇಜ್ ಹಿಡಿದು ಎತ್ತಬೇಡಿ. ಒಣ ಬ್ರಷ್‌ನಿಂದ ಸಂದುಗೊಂದಿಯ ಕಸ ತೆಗೆಯಿರಿ. ನೀರು ಮಾತ್ರ ಬೇಡವೇ ಬೇಡ. ಸ್ಕ್ರೂ ಬಿಚ್ಚುವುದಾದರೆ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹಳೆಯ ಅಂಟು: ಅಕ್ಷರದ ಕಡ್ಡಿಗಳು ಅರ್ಧಚಂದ್ರಾಕಾರವಾಗಿ ಸೇರುವ ಕಡೆ, ಬಾಚಣಿಗೆಯಂಥ ಸೀಳುಗಳಿವೆ. ಕೀಲಿ ಅಂಟಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಪೇಂಟ್ ಅಂಗಡಿಯ ಟರ್ಪೆಂಟೈನ್‌ನಲ್ಲಿ ಬ್ರಷ್ ಅದ್ದಿ ಸೀಳುಗಳಿಗೆ ಹಚ್ಚಿ, ಕೀಲಿಯನ್ನು ಮತ್ತೆ ಮತ್ತೆ ಒತ್ತಿ, ಬಟ್ಟೆಯಿಂದ ಒರೆಸಿ. ಬಣ್ಣಕ್ಕೂ ರಬ್ಬರ್ ರೋಲರಿಗೂ ತಾಗದಿರಲಿ. ಈ ಕೆಲಸ ಹಿತ್ತಲಲ್ಲೇ ಆಗಲಿ, ಒಲೆಯ ಹತ್ತಿರ ಖಂಡಿತ ಬೇಡ. ಒಂದೇ ದಿನಕ್ಕೆ ಆಗಲಿಲ್ಲವೆಂದು ಬೇಸರಿಸಬೇಡಿ, ನನಗೆ ಐದು ದಿನ ಹಿಡಿಯಿತು.

ತುಕ್ಕು: ಬಣ್ಣವಿಲ್ಲದ ಉಕ್ಕಿನ ಭಾಗಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ, ಅತಿ ನುಣುಪಾದ ಉಕ್ಕಿನ ನಾರಿನಿಂದ ಹಗುರವಾಗಿ ಉಜ್ಜಿ. ಉದುರಿದ ಪುಡಿಯನ್ನು ಪೂರ್ತಿ ಒರೆಸಿ ತೆಗೆಯಿರಿ. ಪಾತ್ರೆಗೆ ಹಾಕುವ ಹುಣಸೆಹಣ್ಣು, ನಿಂಬೆಹುಳಿ ಇಲ್ಲಿ ಬೇಡ. ಹುಳಿನೀರು ಸಂದಿನಲ್ಲಿ ನಿಂತರೆ ತುಕ್ಕು ಇನ್ನೂ ಹೆಚ್ಚುತ್ತದೆ.

ಎಣ್ಣೆ: ಕ್ಯಾರೇಜ್ ಸರಿಯುವ ಕಂಬಿಗೆ ಬಟ್ಟೆಯಲ್ಲಿ ಒಂದು ಹನಿ ಸವರಿದರೆ ಸಾಕು. ಆ ಬಾಚಣಿಗೆಯ ಸೀಳುಗಳಿಗೆ ಯಾವ ಎಣ್ಣೆಯನ್ನೂ ಹಾಕಬೇಡಿ.

ಅಕ್ಷರ ಮತ್ತು ರಿಬ್ಬನ್: ಅಕ್ಷರಗಳ ಹೊಟ್ಟೆಯಲ್ಲಿ ಕೂತ ಮಸಿಯನ್ನು ಹಳೆಯ ಟೂತ್‌ಬ್ರಷ್‌ಗೆ ತುಸು ಸ್ಪಿರಿಟ್ ಹಚ್ಚಿ ತಿಕ್ಕಿ. ಅರ್ಧ ಇಂಚು ಅಗಲದ ರಿಬ್ಬನ್ ಬಹುತೇಕ ಯಂತ್ರಗಳಿಗೆ ಹೊಂದುತ್ತದೆ. ಹಳೆಯ ರಾಟೆ ಎಸೆಯದೆ, ಹೊಸ ರಿಬ್ಬನ್ನನ್ನು ಅದಕ್ಕೇ ಸುತ್ತಿಕೊಳ್ಳಿ. ರೋಲರ್ ಗಟ್ಟಿಯಾಗಿದ್ದರೆ ಕಾಗದದ ಹಿಂದೆ ಇನ್ನೊಂದು ಹಾಳೆ ಇಡಿ.

ಒಂದು ಎಚ್ಚರಿಕೆ. ಕ್ಯಾರೇಜನ್ನು ಎಳೆಯುವ ಪಟ್ಟಿ ಒಳಗಿನ ಸ್ಪ್ರಿಂಗಿಗೆ ಬಿಗಿದಿರುತ್ತದೆ. ಅದು ಹರಿದಿದ್ದರೆ ನೀವು ಕೈ ಹಾಕಬೇಡಿ, ಮೆಕ್ಯಾನಿಕ್ಕಿಗೆ ತೋರಿಸಿ.

ಎಲ್ಲ ಮುಗಿಸಿ ಒತ್ತಿ ನೋಡಿದೆ. ಕೆಲವು ಕೀಲಿಗಳಿಗೆ ಕ್ಯಾರೇಜ್ ಮುಂದೆ ಸರಿಯಲೇ ಇಲ್ಲ! ಮತ್ತೆ ಕೆಡಿಸಿದೆನಲ್ಲಾ ಎಂದು ಕೂತಿದ್ದಾಗ ಅತ್ತೆ ಬಂದು ನಕ್ಕರು. "ಅದು ಇರೋದೇ ಹಾಗೆ ಕಣಮ್ಮ. ಒತ್ತು ಅದರ ಅಕ್ಷರದ ಕೆಳಗೇ ಕೂರಬೇಡ್ವೇ? ಅದಕ್ಕೇ ಗಾಡಿ ನಿಂತಿರುತ್ತೆ."

ಆಮೇಲೆ ಕುರ್ಚಿ ಎಳೆದುಕೊಂಡು, ಹಾಳೆ ಸಿಕ್ಕಿಸಿ, ನಡುಗುವ ಬೆರಳಿನಲ್ಲೇ ಟೈಪು ಮಾಡತೊಡಗಿದರು. ಹಳೆಯ ಅಭ್ಯಾಸ ನೋಡಿ, ಅರ್ಜಿಯ ಧಾಟಿಯಲ್ಲೇ ಇತ್ತು:

"ಸೊಸೆಯವರ ಸನ್ನಿಧಾನಕ್ಕೆ. ಮಾನ್ಯರೇ, ಈ ಯಂತ್ರಕ್ಕೆ ಇನ್ನು ಮುಂದೆ ಕೊಬ್ಬರಿ ಎಣ್ಣೆ ಹಾಕಬಾರದಾಗಿ ವಿನಂತಿ."

ಕೆಳಗೆ ರುಜು. ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು!

ಆ ಹಾಳೆಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಅಂದಹಾಗೆ, ನಿಮ್ಮ ಅಟ್ಟಕ್ಕೆ ಏಣಿ ಹಾಕುವುದು ಯಾವಾಗ?