ನಿಮಗಿದು ಗೊತ್ತೆ? ಇಗರ್ಜಿಯ ದಫ್ತರದಲ್ಲಿ ವಂಶಾವಳಿ

ಕ್ಯಾಥೊಲಿಕ್ ಇಗರ್ಜಿಗಳು ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. ಮಗು, ಹೆತ್ತವರು, ಜ್ಞಾನ ತಂದೆತಾಯಿ ಎಲ್ಲರ ಹೆಸರೂ ಒಂದೆಡೆ ಸಿಗುವುದರಿಂದ ವಂಶಾವಳಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಅಪರೂಪ. ಮಂಗಳೂರು ಸೀಮೆಯಲ್ಲಿ ಮಾತ್ರ ಈ ಎಳೆ ನಡುವೆ ಕಡಿಯುತ್ತದೆ. 1784ರಲ್ಲಿ ಟಿಪ್ಪು ಅಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಹಲವು ಇಗರ್ಜಿಗಳು ನೆಲಸಮವಾದವು, ಅವುಗಳೊಂದಿಗೆ ದಫ್ತರಗಳೂ ಹೋದವು. ಹೀಗಾಗಿ ಅದಕ್ಕೂ ಹಿಂದಿನ ಕಾಲಕ್ಕೆ ಬಹುಪಾಲು ಬಾಯಿಮಾತೇ ಆಧಾರ. ಗೋವೆಯಿಂದ ವಲಸೆ ಬಂದ ಪೂರ್ವಿಕರು ಅಲ್ಲಿನ ಬಾರ್ದೇಶದವರೋ ಸಾಷ್ಟಿಯವರೋ, ಮತಾಂತರಕ್ಕೆ ಮುನ್ನ ಪ್ರಭುಗಳೋ ಕಾಮತರೋ ಶೇಟರೋ ಎಂಬ ನೆನಪು ಕೆಲವು ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಇಂಥ ಕಥೆಗಳಲ್ಲಿ ಸ್ವಲ್ಪ ಹೊಗಳಿಕೆ ಬೆರೆಯುವುದುಂಟು. ಆದರೂ ಊರಿನ ಹೆಸರೊಂದು ನಿಜವಾಗಿದ್ದರೆ, ಆ ಊರಿನ ಪೋರ್ಚುಗೀಸ್ ಕಾಲದ ದಫ್ತರಗಳಲ್ಲಿ ಹುಡುಕಾಟ ಮುಂದುವರಿಸಬಹುದು.